ಕೊಣ್ಣೂರ ಮಲ್ಲಪ್ಪನವರ ದನಿ

ಸೂರತ್ ಸ್ಟೇಷನ್ನಿನಲ್ಲಿ ಕೊಣ್ಣೂರ ಮಲ್ಲಪ್ಪನವರ ಮುಖ ನೋಡಿದವರು ಬಹಳ ಕಡಿಮೆ. ಅವರ ದನಿ ಕೇಳದವರು ಮಾತ್ರ ಯಾರೂ ಇರಲಿಲ್ಲ. ಒಂದನೇ ಪ್ಲಾಟ್‌ಫಾರಮಿನ ತುದಿಯಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಪುಟ್ಟ ಕೋಣೆ ಇತ್ತು. ಒಂದು ಮೇಜು, ಒಂದು ಮೈಕು, ಗಾಡಿಗಳ ಓಡಾಟ ನೋಡುವ ಕಂಟ್ರೋಲ್ ಆಫೀಸಿನಿಂದ ಸುದ್ದಿ ಬರುವ ಟೆಲಿಫೋನು, ಗಾಡಿಗಳ ವೇಳೆ ಬರೆದಿಡಲು ಒಂದು ಕರಿಹಲಗೆ. ಅಲ್ಲಿ ಕೂತು ಅವರು ಗುಜರಾತಿ, ಹಿಂದಿ, ಇಂಗ್ಲಿಷಿನಲ್ಲಿ ಹೇಳಿದ ಮಾತು ಪ್ಲಾಟ್‌ಫಾರಮುಗಳನ್ನೆಲ್ಲ ದಾಟಿ, ಹೊರಗೆ ಟಾಂಗಾ ನಿಲ್ಲುವ ಜಾಗವನ್ನೂ ದಾಟಿ, ನಮ್ಮ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಗಳವರೆಗೆ ಮುಟ್ಟುತ್ತಿತ್ತು. ಕಿರುಚುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ತುಂಬಿದ ಕೊಡ ಹೊತ್ತವಳ ನಡಿಗೆಯ ಹಾಗೆ, ತುಳುಕದ ದನಿ.

ನಾನು ಅರಸೀಕೆರೆಯವನು. ಬೊಂಬಾಯಿಯಲ್ಲಿ ಪರೀಕ್ಷೆ ಕಟ್ಟಿ, ಪಾಸಾಗಿ, ವಿಚಾರಣೆಯ ಕಿಟಕಿಯ ಗುಮಾಸ್ತನಾಗಿ ಸೂರತ್ತಿಗೆ ಬಂದಾಗ ಗುಜರಾತು ಬೇರೆ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ಮೊದಲ ದಿನ ಗಾಡಿಯಿಂದ ಇಳಿಯುವಾಗಲೇ ಆ ದನಿ ಕೇಳಿ, ಇದರ ಒಡೆಯ ಆರಡಿ ಎತ್ತರದ, ಮೀಸೆ ತಿರುವಿದ ಆಳಿರಬೇಕು ಎಂದುಕೊಂಡಿದ್ದೆ. ಮರುದಿನ ಮೆಟ್ಟಿಲು ಹತ್ತಿ ನೋಡಿದರೆ ಕುರ್ಚಿಯಲ್ಲಿ ಒಬ್ಬ ಸಣಕಲು ಮನುಷ್ಯ. ಹಣೆಗೆ ವಿಭೂತಿ, ರೈಲ್ವೆಯ ಕರಿಕೋಟು ಹೆಗಲಿಂದ ಜಾರುವಷ್ಟು ದೊಡ್ಡದು. ನನ್ನ ಹೆಸರು ನಂಜುಂಡಯ್ಯ ಎಂದು ಕೇಳಿದ್ದೇ ಎದ್ದು ನಿಂತು, “ಕನ್ನಡದವರೇನು? ಬರ್ರಿ, ಬರ್ರಿ! ಕೂಡ್ರಿ. ಯಾವ ಊರು ತಮ್ಮಾ ನಿನ್ನದು?” ಎಂದರು. ಬಹುವಚನದಿಂದ ಏಕವಚನಕ್ಕೆ ಬರಲು ಅವರಿಗೆ ಮೂರು ಮಾತು ಸಾಕಾಗಿತ್ತು. ಅಂದಿನಿಂದ ನಾನು ಅವರಿಗೆ ‘ಮೈಸೂರ ತಮ್ಮ’ನಾದೆ.

ಅವರ ಊರು ಗದಗಿನ ಕಡೆ. ತಂದೆ ಗದಗಿನ ಹತ್ತಿ ಪೇಟೆಯಲ್ಲಿ ಲಿಲಾವು ಕೂಗುವವರಾಗಿದ್ದರಂತೆ. “ನಮ್ಮಪ್ಪ ಕೂಗಿದರ ಪ್ಯಾಟಿ ಆ ತುದಿಗೆ ಮಲಗಿದ್ದ ಎತ್ತು ಏಳತಿದ್ದವು” ಎಂದು ಹೇಳಿ ನಗುತ್ತಿದ್ದರು. ಆದರೆ ಕೂಗುವುದು ಬೇರೆ, ಹೇಳುವುದು ಬೇರೆ ಎಂಬುದು ಅವರ ಮತ. “ಕೂಗಿದರ ಮಂದಿ ಓಡತಾರ. ಓಡಿದರ ಬೀಳತಾರ. ಹೇಳಬೇಕು, ತಮ್ಮಾ. ಮನಿ ಹಿರ್ಯಾ ಹೇಳಿದಂಗ ಹೇಳಬೇಕು.” ಗಾಡಿ ತಡ ಎಂದು ಸಾರುವಾಗ ಎಲ್ಲರೂ ಬಾಯಿಪಾಠ ಒಪ್ಪಿಸುವ ‘ಖೇದ ಹೈ’ ಎಂಬ ಮಾತನ್ನು ಅವರು ನಿಜವಾಗಿಯೂ ಖೇದಪಟ್ಟೇ ಹೇಳುತ್ತಿದ್ದರು. ಭುಸಾವಳದ ಗಾಡಿ ಎರಡು ತಾಸು ತಡವೆಂದು ಗೊತ್ತಾದ ದಿನ ಮೈಕು ಆರಿಸಿ, “ಕೂಸುಕುನ್ನಿ ಕಟಗೊಂಡು ಕುಂತಾರ ಪಾಪ” ಎಂದು ತಮ್ಮಷ್ಟಕ್ಕೆ ಅನ್ನುವುದನ್ನು ನಾನೇ ಕೇಳಿದ್ದೇನೆ.

ಅವರ ಹೆಂಡತಿ ನೀಲವ್ವ. ನಾನು ನೀಲಕ್ಕ ಎನ್ನುತ್ತಿದ್ದೆ. ಸೂರತ್ತಿಗೆ ಬಂದು ಒಂಬತ್ತು ವರ್ಷವಾಗಿದ್ದರೂ ಆಕೆಯ ತಲೆಗೆ ಗುಜರಾತಿ ಹತ್ತಿರಲಿಲ್ಲ. ಹಿಂದಿ ಸೊಪ್ಪು ಕೊಳ್ಳುವಷ್ಟು ಬರುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಗುಜರಾತಿಯಲ್ಲೇ ಜಗಳವಾಡುವಾಗ ಆಕೆ ರೊಟ್ಟಿ ಬಡಿಯುತ್ತ, “ಏನ ಅನಾಕತ್ತಾವರಿ ಇವು?” ಎಂದು ನನ್ನನ್ನು ಕೇಳುವಳು. ಮನೆಯಲ್ಲಿ ಗಡಿಯಾರ ಇತ್ತು, ಆದರೆ ಆಕೆ ಅದನ್ನು ನೋಡುತ್ತಿರಲಿಲ್ಲ. ಗಂಡನ ದನಿ ಕಿಟಕಿಯಿಂದ ಬರುತ್ತಿತ್ತು. ವೀರಮಗಾಮದ ಪ್ಯಾಸೆಂಜರ್ ಸಾರಿದರೆ ಬೇಳೆಗೆ ಇಡುವ ಹೊತ್ತು, ಬೊಂಬಾಯಿ ಗಾಡಿ ಸಾರಿದರೆ ಹಂಚು ಕಾಯಿಸುವ ಹೊತ್ತು. ಆಕೆಗೆ ಅರ್ಥ ಬೇಕಿರಲಿಲ್ಲ. ಇಂಥ ದಿನ ಅವರಿಗೆ ನೆಗಡಿ, ಇಂಥ ದಿನ ಮೇಲಿನವರ ಮೇಲೆ ಸಿಟ್ಟು, ಇಂಥ ದಿನ ಹಸಿವು ಎಂದು ಆ ದನಿಯಲ್ಲೇ ಗುರುತಿಸುತ್ತಿದ್ದಳು.

ಒಂದು ಪ್ರಸಂಗ ಹೇಳದಿದ್ದರೆ ಅವರು ಎಂಥವರೆಂದು ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ದ್ವಾರಕೆಗೆ ಹೊರಟ ಯಾತ್ರಿಕರ ಗುಂಪಿನಿಂದ ಒಬ್ಬ ಮುದುಕಿ ತಪ್ಪಿಸಿಕೊಂಡಿದ್ದಳು. ಅವಳ ಮಗ ನನ್ನ ಕಿಟಕಿಗೆ ಬಂದು ಹರಕುಮುರುಕು ಹಿಂದಿಯಲ್ಲಿ ಗೋಗರೆಯುತ್ತಿದ್ದ. ಎರಡು ಮಾತಿಗೇ ಅವನು ಬಿಜಾಪುರದ ಕಡೆಯವನೆಂದು ಗೊತ್ತಾಯಿತು. ನಾನು ಅವನನ್ನು ಮೇಲಕ್ಕೆ ಕರೆದುಕೊಂಡು ಹೋದೆ. ಕೊಣ್ಣೂರರು ಗುಜರಾತಿಯಲ್ಲಿ ಸಾರಿದರು, ಹಿಂದಿಯಲ್ಲಿ ಸಾರಿದರು, ಯಾರೂ ಬರಲಿಲ್ಲ. ಕೊನೆಗೆ “ಆ ಮುದುಕಿಗೆ ಏನು ತಿಳೀತೈತಿ ಇದು?” ಎಂದವರೇ ಮೈಕಿಗೆ ಬಾಯಿ ಹಚ್ಚಿ ಕನ್ನಡದಲ್ಲಿ ಹೇಳಿದರು: “ಯವ್ವಾ, ಅಂಜಬ್ಯಾಡ. ನಿನ್ನ ಮಗಾ ಇಲ್ಲೇ ಅದಾನ. ನೀ ಎಲ್ಲಿ ನಿಂತೀಯೋ ಅಲ್ಲೇ ಕೂಡು, ಕೈ ಮ್ಯಾಲೆ ಎತ್ತು. ನಾವs ಬರತೀವಿ.” ಮೂರನೇ ಪ್ಲಾಟ್‌ಫಾರಮಿನ ನೀರಿನ ನಲ್ಲಿಯ ಬಳಿ, ಅಷ್ಟು ಜನರ ನಡುವೆ ಒಂದು ಬಳೆಗೈ ಮೇಲೆದ್ದದ್ದನ್ನು ನಾವು ಕಿಟಕಿಯಿಂದ ಕಂಡೆವು.

ಹಾಗೆ ಬೇರೆ ಭಾಷೆಯಲ್ಲಿ ಸಾರಿದ್ದಕ್ಕೆ ಮೇಲಿನವರಿಂದ ಮೆಮೊ ಬಂತು. ಅವರು ಉತ್ತರ ಬರೆದರು: ‘ಪ್ರಯಾಣಿಕರಿಗೆ ತಿಳಿಯುವಂತೆ ಹೇಳುವುದು ನನ್ನ ಕೆಲಸ. ಹೇಳಿದೆ. ತಿಳಿಯಿತು.’ ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಇಂಥ ಮನುಷ್ಯನಿಗೆ ಒಂದೇ ಒಂದಕ್ಕೆ ಹೆದರಿಕೆ. ವೈದ್ಯರ ಕೈಗೆ. ಚುಚ್ಚುಮದ್ದು ಎಂದರೆ ಮುಖ ಬಿಳಚಿಕೊಳ್ಳುತ್ತಿತ್ತು. ಆ ವರ್ಷ ಅವರ ಎಡಗಡೆಯ ಕೆಳಗಿನ ಬುದ್ಧಿಹಲ್ಲು ಕಾಡತೊಡಗಿದಾಗ ಎರಡು ತಿಂಗಳು ಲವಂಗ ಕಚ್ಚಿಕೊಂಡು, ಉಪ್ಪುನೀರು ಮುಕ್ಕಳಿಸಿ ತಳ್ಳಿದರು. “ನಲವತ್ತೆರಡಕ್ಕ ಬುದ್ಧಿ ಬರಾಕತ್ತೈತಿ ತಮ್ಮಾ, ಒಳಗ ಜಾಗಾ ಇಲ್ಲ” ಎಂದು ನಗುತ್ತಿದ್ದರು. ನಗುವಾಗ ಎಡಗೈ ತಾನಾಗಿ ಕೆನ್ನೆಗೆ ಹೋಗುತ್ತಿತ್ತು. ಕೊನೆಗೆ ನಾನೇ ಒತ್ತಾಯ ಮಾಡಿ, ಹಿಂದಿನ ವರ್ಷ ನನ್ನ ಹಲ್ಲು ಕಿತ್ತಿದ್ದ ಪಾರ್ಸಿ ದಂತವೈದ್ಯರ ಬಳಿಗೆ ಕರೆದುಕೊಂಡು ಹೋದೆ.

ಅದು ಒಂದು ಸೋಮವಾರ. ಹಲ್ಲಿನ ಬೇರು ಸೊಟ್ಟಗಿತ್ತು, ಮುಕ್ಕಾಲು ಗಂಟೆ ಹಿಡಿಯಿತು. ನಾನು ಹೊರಗಿನ ಬೆಂಚಿನಲ್ಲಿ ಕೂತು ಒಳಗಿನ ಸದ್ದು ಕೇಳುತ್ತಿದ್ದೆ. ಕೊಣ್ಣೂರರು ಒಮ್ಮೆಯೂ ನರಳಲಿಲ್ಲ, ಆದರೆ ಹೊರಗೆ ಬಂದಾಗ ಕೋಟಿನ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ವೈದ್ಯರು ವಯಸ್ಸಾದವರು, ನಿಧಾನಸ್ಥರು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ರೋಗಿಗೆ ಮಾತಾಡಲಾಗದೆಂದು ನನಗೇ ಎಲ್ಲ ಬಿಡಿಸಿ ಹೇಳಿದರು.

“ಎರಡು ದಿನ ನೋವು, ಬಾವು ಇರುತ್ತದೆ, ಹೆದರಬೇಡಿ. ಮೂರನೇ ದಿನದಿಂದ ಇಳಿಯಬೇಕು. ಇಳಿಯುವ ಬದಲು ಏರಿದರೆ, ಕಿವಿಯವರೆಗೆ ಎಳೆದರೆ, ಬಾಯಿಂದ ಕೆಟ್ಟ ವಾಸನೆ ಬಂದರೆ, ಬನ್ನಿ. ಒಳಗೆ ಔಷಧಿ ತುಂಬುತ್ತೇನೆ, ಅರ್ಧ ಗಂಟೆಯಲ್ಲಿ ಹಗುರಾಗುತ್ತದೆ. ಆದರೆ ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ದವಡೆಯ ಕೆಳಗೆ ಬಾವು ಇಳಿದರೆ, ಎಂಜಲು ನುಂಗುವುದೇ ಕಷ್ಟವಾದರೆ, ಆಗ ಒಂದು ದಿನವೂ ಕಾಯಬೇಡಿ. ಯಾರನ್ನೂ ಕೇಳಬೇಡಿ. ನೇರ ಬನ್ನಿ.”

ನಾನು ತಲೆಯಾಡಿಸಿದೆ. ದಾರಿಯಲ್ಲಿ ಅದನ್ನೆಲ್ಲ ಕೊಣ್ಣೂರರಿಗೆ ಕನ್ನಡದಲ್ಲಿ ಹೇಳಿಯೂ ಹೇಳಿದೆ. ಅವರು ಬೆರಳು ಮಡಚಿ ಎಣಿಸಿಕೊಂಡರು: ಸೋಮವಾರ, ಮಂಗಳವಾರ, ಬುಧವಾರ.

ಇಲ್ಲಿ ನನ್ನ ಸಂಗತಿ ಸ್ವಲ್ಪ ಹೇಳಬೇಕು. ಮುಂದಿನ ವಾರದ ಬುಧವಾರ ಅರಸೀಕೆರೆಯಲ್ಲಿ ನನ್ನ ತಂಗಿಯ ಮದುವೆ. ತಂದೆ ಇಲ್ಲದ ಮನೆ, ನಾನು ಹಿರಿಮಗ. ಶನಿವಾರ ಬೆಳಗಿನ ಗಾಡಿಗೆ ಹೊರಡಬೇಕಿತ್ತು. ಇನ್ನೊಂದು ಪಾಳಿಯ ಅನೌನ್ಸರು ವರ್ಗವಾಗಿ ಹೋಗಿ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಅದನ್ನು ಆಗ ನಾನೇ ನೋಡಿಕೊಳ್ಳುತ್ತಿದ್ದೆ. ನನಗೆ ರಜೆ ಸಿಕ್ಕಿದ್ದೇ, “ನಾ ಎರಡೂ ಪಾಳಿ ನೋಡಕೊಂತೀನಿ, ಹುಡುಗನ್ನ ಬಿಡ್ರಿ, ತಂಗಿ ಮದುವಿ ಐತಿ” ಎಂದು ಕೊಣ್ಣೂರರು ಸ್ಟೇಷನ್ ಮಾಸ್ತರರ ಮುಂದೆ ನಿಂತು ಹೇಳಿದ್ದರಿಂದ. ಅವರು ಹಾಸಿಗೆ ಹಿಡಿದರೆ ನನ್ನ ರಜೆ ಇಲ್ಲ.

ಮಂಗಳವಾರ, ಬುಧವಾರ ಪರವಾಗಿರಲಿಲ್ಲ. ಕೆನ್ನೆ ಊದಿತ್ತು, ಆದರೆ ನೋವು ಇಳಿಯುತ್ತಿದೆ ಎಂದು ಸನ್ನೆ ಮಾಡಿದ್ದರು. ಗುರುವಾರ ಬೆಳಿಗ್ಗೆ ಪಾಳಿ ಬದಲಾಗುವಾಗ ಕಬ್ಬಿಣದ ಮೆಟ್ಟಿಲ ಮೇಲೆ ಸಿಕ್ಕರು. ಕಂಬಿ ಹಿಡಿದುಕೊಂಡು ನಿಂತರು.

“ತಮ್ಮಾ, ನಿನ್ನಿಗಿಂತ ಇವತ್ತ ಜಾಸ್ತಿ ಆಗೈತಿ. ಕಿವಿತನಕ ಎಳೀತೈತಿ. ಬಾಯಿ ಅಂದರ ಹೊಲಸ ನಾರತೈತಿ. ನಿನಗೂ ಹಿಂಗs ಆಗಿತ್ತೇನು?”

ನನಗೂ ಹಾಗೇ ಆಗಿತ್ತು. ಹಿಂದಿನ ವರ್ಷ ಮೂರನೇ ದಿನ ಕಿವಿಯವರೆಗೆ ಸಿಡಿದು, ತಲೆಯನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದೆ. ಆಮೇಲೆ ವೈದ್ಯರ ಬಳಿ ಹೋದೆ. ಕುಳಿಯಲ್ಲಿ ರಕ್ತ ಹೆಪ್ಪುಗಟ್ಟದೆ ಒಣಗಿದೆ ಎಂದು ತೊಳೆದು, ಲವಂಗದೆಣ್ಣೆಯ ಬತ್ತಿ ಇಟ್ಟರು. ಎರಡು ದಿನ ಬಿಟ್ಟು ಮತ್ತೆ ಹೋಗಿ ಬತ್ತಿ ಬದಲಿಸಿಕೊಂಡು ಬಂದೆ. ಅದರಿಂದ ವಾಸಿಯಾಯಿತು.

ಆದರೆ ಮೆಟ್ಟಿಲ ಮೇಲೆ ನಿಂತು ನಾನು ಹೇಳಿದ್ದು ಇಷ್ಟು: “ನನಗೂ ಹಾಗೇ ಆಗಿತ್ತು ಸರ್. ಕಿವಿವರೆಗೂ ನೋವು. ನಾಲ್ಕೈದು ದಿನಕ್ಕೆ ಹೋಯ್ತು. ಏನೂ ಆಗಲ್ಲ.”

ಉಳಿದದ್ದನ್ನು ಹೇಳಲಿಲ್ಲ. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆ ಸಮಾಧಾನ ನಿಂತಿಲ್ಲ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಹೌದಲ್ಲ, ಹೋಗತೈತಿ” ಎಂದು ಮೇಲೆ ಹತ್ತಿದರು.

ಶುಕ್ರವಾರ ಬೆಳಿಗ್ಗೆ ಅವರನ್ನು ಕಂಡಾಗ ಬಾವು ಕೆನ್ನೆಯಿಂದ ದವಡೆಯ ಕೆಳಕ್ಕೆ ಇಳಿದಿತ್ತು. ಕೈಯಲ್ಲಿ ಕರವಸ್ತ್ರ ಮುದ್ದೆ ಮಾಡಿ ಹಿಡಿದಿದ್ದರು, ಅದು ತೊಯ್ದಿತ್ತು. ಎಂಜಲು ನುಂಗುತ್ತಿರಲಿಲ್ಲ, ಒರೆಸಿಕೊಳ್ಳುತ್ತಿದ್ದರು. ಕಣ್ಣು ಕೆಂಪಗಿದ್ದವು. ವೈದ್ಯರು ಹೇಳಿದ್ದ ಒಂದೊಂದು ಲಕ್ಷಣವೂ ನನ್ನ ಕಣ್ಣೆದುರು ಇತ್ತು. ನನಗೆ ಅದು ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತು. ನನ್ನ ಟ್ರಂಕು ಕಟ್ಟಿಯಾಗಿತ್ತು. ನಾಳೆ ಬೆಳಿಗ್ಗೆ ಹೊರಟುಬಿಟ್ಟರೆ ನಾಳಿದ್ದು ಅವರೇ ಹೋಗಿ ತೋರಿಸಿಕೊಂಡಾರು ಎಂದುಕೊಂಡು ಕೆಳಗಿಳಿದು ನನ್ನ ಕಿಟಕಿಯಲ್ಲಿ ಕೂತೆ.

ಹನ್ನೊಂದರ ಸುಮಾರಿಗೆ ಭುಸಾವಳದ ಗಾಡಿಯನ್ನು ಸಾರಿದರು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡುವವರ ಹಾಗೆ ಆ ದನಿ ದಪ್ಪಗೆ, ಮುದ್ದೆಯಾಗಿ ಬಂತು. ಮುಂದಿನ ಸ್ಟೇಷನ್ನಿನ ಹೆಸರು ‘ಉಧ್ನಾ’ ಎನ್ನುವಲ್ಲಿ ನಾಲಗೆ ಏಳಲಿಲ್ಲ. ನನ್ನ ಕಿಟಕಿಯ ಮುಂದೆ ನಿಂತಿದ್ದ ಒಬ್ಬ ಜರಿ ವ್ಯಾಪಾರಿ, “ಇವತ್ತು ಬೇರೆ ಯಾರೋ ಇದ್ದಾರೇನು?” ಎಂದು ಕೇಳಿದ. “ಅವರೇ. ಹಲ್ಲು ತೆಗೆಸಿದ್ದಾರೆ” ಎಂದೆ. ಅವನು ಟಿಕೀಟು ಜೇಬಿಗಿಟ್ಟುಕೊಂಡು ಹೋದ. ಇಡೀ ಸ್ಟೇಷನ್ನೇ ಆ ದನಿ ಕೇಳಿತು. ಯಾರಿಗೂ ಏನೂ ಅನ್ನಿಸಲಿಲ್ಲ.

ಹತ್ತು ನಿಮಿಷ ಕಳೆದಿರಲಿಕ್ಕಿಲ್ಲ. ನೀಲಕ್ಕ ಪ್ಲಾಟ್‌ಫಾರಮಿನಲ್ಲಿ ಓಡಿ ಬರುತ್ತಿದ್ದಳು. ತಲೆ ಮೇಲಿನ ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಳಕೈವರೆಗೆ ಜೋಳದ ಹಿಟ್ಟು. ಒಂಬತ್ತು ವರ್ಷದಲ್ಲಿ ಊರಿಗೆ ಹೋಗಿಬರುವಾಗ ಬಿಟ್ಟರೆ ಆಕೆ ಸ್ಟೇಷನ್ನಿಗೆ ಕಾಲಿಟ್ಟವಳಲ್ಲ.

“ಮ್ಯಾಲೆ ಯಾರು ಮಾತಾಡಾಕತ್ತಾರರಿ?” ಎಂದಳು ನನ್ನನ್ನು ಕಂಡು.

“ಅವರೇ ಅಕ್ಕಾ, ಕೊಣ್ಣೂರರೇ...”

“ಅಲ್ಲ. ಅದು ಅವರ ದನಿ ಅಲ್ಲ.” ಉಸಿರು ಸಾಲದೆ ನಿಂತಳು. “ಮುಂಜಾನೆ ಹಾಲೂ ಕುಡೀಲಿಲ್ಲ. ಹಸಿವಿಲ್ಲ ಅಂದ್ರು. ಎಲ್ಲೈತಿ ಮೆಟ್ಟಿಲಾ? ತೋರಸರಿ!”

ಅವಳ ಹಿಂದೆ ನಾನೂ ಹತ್ತಿದೆ. ಕೊಣ್ಣೂರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಗದ್ದ ಚಾಚಿ ಕೂತಿದ್ದರು. ಹಾಗೆ ಕೂತರೆ ಮಾತ್ರ ಉಸಿರು ಆಡುತ್ತಿತ್ತು ಎಂದು ಆಮೇಲೆ ತಿಳಿಯಿತು. ಹೆಂಡತಿಯನ್ನು ಅಲ್ಲಿ ಕಂಡು ಅವರ ಹುಬ್ಬು ಮೇಲೇರಿತು. ಅವಳು ಹಿಟ್ಟಿನ ಕೈಯಲ್ಲೇ ಅವರ ದವಡೆಯ ಕೆಳಗೆ ಮುಟ್ಟಿ ಕೈ ಹಿಂದೆಗೆದಳು.

“ಕಟಗಿ ಆಗೇತಲ್ಲರೀ! ಕೆಂಡದಂಗ ಸುಡಾಕತ್ತೇತಿ. ಬಾಯಿ ತಗೀರಿ. ತಗೀರಿ ಅಂದೆ.”

ಅವರು ತೆರೆದರು. ಒಂದು ಬೆರಳೂ ಹೋಗುವಷ್ಟು ತೆರೆಯಲಿಲ್ಲ. ಮೇಜಿನ ಮೇಲಿದ್ದ ತಂಬಿಗೆಯಿಂದ ಅವಳು ನೀರು ಹನಿಸಿದಳು. ಅದು ನುಂಗಲಾಗದೆ ಗದ್ದದ ಮೇಲೆ ಇಳಿದು ಕೋಟಿಗೆ ಬಿತ್ತು. ಅವಳು ನನ್ನ ಕಡೆ ತಿರುಗಿದಳು.

“ಹಲ್ಲು ಕಿತ್ತ ಡಾಕ್ಟರು ಏನ ಹೇಳಿದ್ರು? ನೀವs ಹೋಗಿದ್ರಲ್ಲ ಜೋಡಿ.”

ಒಂದೊಂದನ್ನೇ ಹೇಳಿದೆ. ಮೂರನೇ ದಿನ. ಕಿವಿ. ಜ್ವರ. ಬಾಯಿ. ದವಡೆ. ಎಂಜಲು. ಯಾರನ್ನೂ ಕೇಳಬೇಡಿ ಎಂದದ್ದನ್ನೂ ಹೇಳಿದೆ. ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು. ಅವಳು ಪೂರ್ತಿ ಕೇಳಿದಳು. “ಇಷ್ಟೆಲ್ಲಾ ಗೊತ್ತಿತ್ತು ನಿಮಗ” ಎಂದಳು. ಬೈಯಲಿಲ್ಲ. ಗಂಡನ ತೋಳಿಗೆ ಕೈಹಾಕಿ ಎಬ್ಬಿಸಿದಳು.

ಅವರು ಕರಿಹಲಗೆಯ ಕಡೆ ಬೆರಳು ತೋರಿಸಿದರು. ಬೊಂಬಾಯಿಯ ಗಾಡಿ ಇನ್ನೂ ಸಾರಬೇಕಿತ್ತು.

ಸ್ಟೇಷನ್ ಮಾಸ್ತರರು ಓಡಿ ಬಂದರು. ಅನೌನ್ಸ್ ಮಾಡಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. “ನೀನು ಕೂರು, ನಾಳೆಯ ರಜೆಯ ಮಾತು ಆಮೇಲೆ” ಎಂದರು. ಹಾಗಾಗಿ ನಾನು ಮೈಕಿನ ಮುಂದೆ ಕೂತೆ. ಕಿಟಕಿಯಿಂದ ಕಂಡದ್ದು: ಕೊಣ್ಣೂರರನ್ನು ಒಬ್ಬ ಕೂಲಿಯ ಹೆಗಲಿಗೆ ಆನಿಸಿಕೊಂಡು ನೀಲಕ್ಕ ಹೊರಗೆ ನಡೆಯುತ್ತಿದ್ದಳು. ಭಾಷೆ ಬಾರದ ಹೆಂಗಸು, ದಾರಿ ಗೊತ್ತಿಲ್ಲದ ಹೆಂಗಸು. ವೈದ್ಯರ ವಿಳಾಸ ಬರೆದ ಚೀಟಿ ಮಾತ್ರ ನಾನು ಕೊಟ್ಟಿದ್ದೆ. ಟಾಂಗಾದವನಿಗೆ ಆಕೆ ಚೀಟಿ ತೋರಿಸಿ “ಜಲ್ದಿ, ಜಲ್ದಿ” ಎನ್ನುವುದು ಅಷ್ಟು ದೂರಕ್ಕೂ ಕೇಳಿಸಿತು. ನಾನು ಬೊಂಬಾಯಿಯ ಗಾಡಿ ಸಾರಿದೆ.

ಮುಂದಿನದನ್ನು ನೀಲಕ್ಕ ಆಮೇಲೆ ಹೇಳಿದಳು. ಪಾರ್ಸಿ ವೈದ್ಯರು ಅವರನ್ನು ಕುರ್ಚಿಯಲ್ಲಿ ಕೂರಿಸಲೇ ಇಲ್ಲವಂತೆ. ಟಾರ್ಚು ಹಾಕಿ ಒಂದು ಸಲ ನೋಡಿ, ಕಾದಿದ್ದ ರೋಗಿಗಳಿಗೆ ಕೈಮುಗಿದು, ತಾವೇ ಅದೇ ಟಾಂಗಾ ಹತ್ತಿ ದೊಡ್ಡಾಸ್ಪತ್ರೆಗೆ ಬಂದರಂತೆ. ಹಲ್ಲಿನ ಕುಳಿಯ ನಂಜು ನಾಲಗೆಯ ಬುಡಕ್ಕೆ, ಕತ್ತಿಗೆ ಇಳಿದು ಉಸಿರಿನ ದಾರಿಯನ್ನೇ ಒತ್ತುತ್ತಿತ್ತು. ಗದ್ದದ ಕೆಳಗೆ ಕೊಯ್ದು ಕೀವು ಬಸಿದರು. ಅಷ್ಟರಲ್ಲಿ ಉಸಿರು ಕಟ್ಟತೊಡಗಿ, ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟರು. ಸಂಜೆ ಪಾಳಿ ಮುಗಿಸಿ ನಾನು ಹೋದಾಗ ಅವರು ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು. ಉಸಿರು ಮೂಗಿನಿಂದಲ್ಲ, ಕತ್ತಿನಿಂದ ಸೀಟಿಯ ಹಾಗೆ ಬರುತ್ತಿತ್ತು. “ಇನ್ನು ನಾಲ್ಕು ತಾಸು ತಡವಾಗಿದ್ದರೆ ನಾವು ಮಾಡುವುದು ಏನೂ ಉಳಿಯುತ್ತಿರಲಿಲ್ಲ” ಎಂದು ಅಲ್ಲಿನ ಸರ್ಜನ್ನರು ನನಗೆ ಹೇಳಿದರು. ಅದನ್ನು ನೀಲಕ್ಕನಿಗೆ ಕನ್ನಡದಲ್ಲಿ ಹೇಳಿ ಎಂದರು. ನಾನು ಹೇಳಿದೆ.

ತಂಗಿಯ ಮದುವೆಗೆ ತಂತಿ ಕಳಿಸಿದೆ. ಚಿಕ್ಕಪ್ಪ ನಿಂತು ಧಾರೆ ಎರೆದರು.

ಆರನೇ ದಿನ ಕೊಣ್ಣೂರರು ಸನ್ನೆ ಮಾಡಿ ಸ್ಲೇಟು ಕೇಳಿದರು. ಮಗಳ ಸ್ಲೇಟು ತಂದಿಟ್ಟಿದ್ದರು. ಬರೆದು ನನ್ನ ಕಡೆ ತಿರುಗಿಸಿದರು. ‘ಮದುವಿ?’ ಎಂದಿತ್ತು.

“ಮುಂದೆ ಹಾಕಿದ್ದಾರೆ ಸರ್. ಹುಡುಗನ ಕಡೆಯವರಿಗೆ ಏನೋ ಸೂತಕ” ಎಂದೆ. ಇದು ಪೂರಾ ಸುಳ್ಳು. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಪಕ್ಕದಲ್ಲಿ ಕೂತಿದ್ದ ನೀಲಕ್ಕ ನನ್ನನ್ನು ನೋಡಲಿಲ್ಲ, ಬಟ್ಟೆ ಹಿಂಡುತ್ತಿದ್ದಳು.

ಅವರು ಬದುಕಿದರು. ತಿಂಗಳ ಮೇಲೆ ಮನೆಗೆ ಬಂದರು. ಗದ್ದದ ಕೆಳಗೆ ಒಂದು ಗಾಯದ ಗುರುತು, ಗಂಟಲಿನಲ್ಲಿ ಇನ್ನೊಂದು. ಬಾಯಿ ಎರಡು ಬೆರಳಿನಷ್ಟು ತೆರೆಯುತ್ತಿತ್ತು, ಅಷ್ಟೆ. ದನಿ ಮಾತ್ರ ಬರಲಿಲ್ಲ. ಒಣಗಿದ ಎಲೆಯ ಮೇಲೆ ಕಾಲಿಟ್ಟ ಹಾಗೆ ಒಂದು ಸದ್ದು. ಎದುರು ಕೂತವರಿಗೆ ಕೇಳುತ್ತಿತ್ತು, ಪಕ್ಕದ ಕೋಣೆಗೆ ಕೇಳುತ್ತಿರಲಿಲ್ಲ. ಮೂರು ತಿಂಗಳು ಕಾದು ರೈಲ್ವೆ ಡಾಕ್ಟರರು ಮೈಕಿನ ಕೆಲಸಕ್ಕೆ ತಕ್ಕವರಲ್ಲ ಎಂದು ಬರೆದರು. ಬರೋಡದಲ್ಲಿ, ಅಂದರೆ ಈಗಿನವರು ವಡೋದರ ಎನ್ನುವ ಊರಿನಲ್ಲಿ, ಕಳೆದುಹೋದ ಪಾರ್ಸೆಲ್ಲುಗಳ ಕಾಗದಪತ್ರ ನೋಡುವ ಆಫೀಸಿಗೆ ಹಾಕಿದರು. ಹೊರಡುವ ದಿನ ಆ ಕೋಣೆಗೆ ಹತ್ತಿ ಬಂದು, ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಒರೆಸಿ, “ಕೂಗಬ್ಯಾಡ ತಮ್ಮಾ. ಹೇಳು” ಎಂದರು. ಅದನ್ನು ಕೇಳಲು ನಾನು ಅವರ ಬಾಯಿಯ ಹತ್ತಿರ ಬಗ್ಗಬೇಕಾಯಿತು. ಅವರ ಕೆಲಸ ನನಗೆ ಬಂತು. ನಾಲ್ಕು ವರ್ಷ ಅವರ ಕುರ್ಚಿಯಲ್ಲಿ ಕೂತೆ.

ಆ ನಾಲ್ಕು ವರ್ಷ ನಾನು ಬರೋಡಕ್ಕೆ ಹೋಗಲಿಲ್ಲ. ಗಾಡಿಯಲ್ಲಿ ಮೂರು ತಾಸಿನ ದಾರಿ, ನನಗೆ ಪಾಸು ಇತ್ತು. ಆದರೂ ಹೋಗಲಿಲ್ಲ. ಅಹಮದಾಬಾದಿಗೆ ವರ್ಗವಾದಾಗ, ದಾರಿಯಲ್ಲೇ ಇಳಿದು ನೋಡದೆ ಹೋದರೆ ಮನುಷ್ಯತ್ವವಲ್ಲ ಎನ್ನಿಸಿ, ಒಂದು ಭಾನುವಾರ ಬೆಳಿಗ್ಗೆ ಅವರ ಮನೆ ಹುಡುಕಿಕೊಂಡು ಹೋದೆ.

ಬಾಗಿಲು ತೆಗೆದ ದೊಡ್ಡ ಮಗಳು ಗುಜರಾತಿಯಲ್ಲಿ ಯಾರು ಬೇಕೆಂದು ಕೇಳಿದಳು. ಕೊಣ್ಣೂರರು ಒಳಗಿನಿಂದ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು, ತುಟಿ ಅಲುಗಿಸಿದರು. ‘ಬರ್ರಿ, ಬರ್ರಿ’ ಎಂದದ್ದು ಆಕಾರದಿಂದ ತಿಳಿಯಿತು. ತಲೆ ನರೆತಿತ್ತು. ಊಟಕ್ಕೆ ಕೂತಾಗ ನೀಲಕ್ಕ ನನಗೆ ಬಿಸಿರೊಟ್ಟಿ ಹಾಕಿದಳು. ಅವರ ತಾಟಿನಲ್ಲಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಇಟ್ಟಿದ್ದಳು. ಅವರು ಅದನ್ನು ಚಮಚದಿಂದ ನಿಧಾನವಾಗಿ ಒಳಗೆ ತಳ್ಳಿಕೊಳ್ಳುತ್ತಿದ್ದರು. ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ.

“ಸರ್, ಒಂದು ಮಾತು ಹೇಳಬೇಕು” ಎಂದೆ. “ಆ ಗುರುವಾರ ಮೆಟ್ಟಿಲ ಮೇಲೆ ನೀವು ಕೇಳಿದಾಗ ನಾನು ಅರ್ಧ ಹೇಳಿದೆ. ನನಗೆ ನೋವು ತಾನಾಗೇ ಹೋಗಿರಲಿಲ್ಲ. ಎರಡು ಸಲ ಡಾಕ್ಟರ ಹತ್ತಿರ ಹೋಗಿದ್ದೆ. ನೀವು ಮಲಗಿದರೆ ನನ್ನ ರಜೆ ತಪ್ಪುತ್ತೆ ಅಂತ ಹೇಳಲಿಲ್ಲ.”

ಅವರು ಚಮಚ ಕೆಳಗಿಟ್ಟರು. ನಾನು ಮುಂದಕ್ಕೆ ಬಗ್ಗಿ ಕೂತೆ.

“ಗೊತ್ತಿತ್ತು ತಮ್ಮಾ” ಎಂದರು. “ನೀ ಎರಡ ಸಲ ಹೋದಾಗ ನಿನ್ನ ಕಿಟಕ್ಯಾಗ ಕುಂತಾಂವ ಯಾರು? ನಾನs ಅಲ್ಲೇನು?”

ನಾನು ಅದನ್ನು ಪೂರಾ ಮರೆತಿದ್ದೆ.

“ಮತ್ತೆ ಯಾಕೆ ಸರ್ ಹೋಗಲಿಲ್ಲ?”

“ಆ ಇಕ್ಕಳಾ ಮತ್ತ ಬಾಯಾಗ ಹಾಕ್ತಾರಂತ ಅಂಜಿಕಿ. ಏನೂ ಆಗೂದಿಲ್ಲ ಅಂತ ಯಾರರೆ ಒಬ್ಬರು ಅಂದರ ಸಾಕಾಗಿತ್ತು ನನಗ. ನೀ ಅಂದಿ. ನಾ ಹೂಂ ಅಂದೆ. ನಿನಗ ಮಾತೂ ಕೊಟ್ಟಿದ್ದೆ, ಮದುವಿಗೆ ಕಳಸತೀನಂತ.” ಉಸಿರು ತೆಗೆದುಕೊಳ್ಳಲು ನಿಂತರು. “ಇಬ್ಬರೂ ಕೂಡೇ ಮಾಡಿದ್ದದು. ನೀ ಒಬ್ಬನs ಹೊರಬ್ಯಾಡ.”

ಒಲೆಯ ಮುಂದೆ ಕೂತಿದ್ದ ನೀಲಕ್ಕ ಈ ಕಡೆ ತಿರುಗದೆಯೇ ಹೇಳಿದಳು: “ಇಬ್ಬರೂ ಕೂಡೇ ಮಾಡಿದ್ರಿ, ಖರೆ. ದಿನಾ ಕಿಟಕಿಗೆ ಕಿವಿ ಕೊಟ್ಟು ಕುಂದ್ರಾಕಿ ನಾನಿದ್ದೆ. ನನ್ನ ಕೇಳಿದ್ರೇನು ಇಬ್ಬರಾಗ ಒಬ್ಬರರೆ?”

ಆಕೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ತಿಂದೆ.

ಮಧ್ಯಾಹ್ನದ ಗಾಡಿಗೆ ಹೊರಟೆ. ಕೊಣ್ಣೂರರು ಬೀದಿಯವರೆಗೆ ಬಂದು ಟಾಂಗಾ ಹತ್ತಿಸಿದರು. ಕುದುರೆ ನಾಲ್ಕು ಹೆಜ್ಜೆ ಹಾಕಿತ್ತು. ತಿರುಗಿ ನೋಡಿದರೆ ಅವರು ರಸ್ತೆಯ ಮಧ್ಯಕ್ಕೆ ಬಂದು, ಒಂದು ಕೈ ಮೇಲೆತ್ತಿ ಏನೋ ಹೇಳುತ್ತಿದ್ದರು. ತುಟಿ ಅಲುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಗಾಲಿಯ ಸದ್ದಿನಲ್ಲಿ ಒಂದಕ್ಷರವೂ ನನ್ನವರೆಗೆ ಬರಲಿಲ್ಲ. ನಾನು ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿ, ಕೈಮುಗಿದೆ. ಟಾಂಗಾ ತಿರುವು ದಾಟಿತು.

ಮುಂದಿನ ಚಳಿಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರೆಂದು ದೊಡ್ಡ ಮಗಳು ಹಿಂದಿಯಲ್ಲಿ ಒಂದು ಕಾರ್ಡು ಬರೆದಳು. ನೀಲಕ್ಕ ಮಕ್ಕಳನ್ನು ಕರೆದುಕೊಂಡು ಗದಗಿಗೆ ಹೊರಟುಹೋದಳು. ಆಮೇಲೆ ಅವರ ಸುದ್ದಿ ನನಗೆ ಸಿಗಲಿಲ್ಲ.

ಆ ದಿನ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಮತ್ತೆ ಬಾ ಎಂದಿರಬಹುದು, ತಂಗಿಗೆ ಆಶೀರ್ವಾದ ತಿಳಿಸು ಎಂದಿರಬಹುದು. ಟಾಂಗಾ ನಿಲ್ಲಿಸಿ, ಇಳಿದು, ಹತ್ತಿರ ಹೋಗಿ ಕೇಳಬಹುದಿತ್ತು. ಗಾಡಿ ತಪ್ಪೀತೆಂದು ಕೇಳಲಿಲ್ಲ. ಸ್ಟೇಷನ್ನಿಗೆ ಬಂದು ನೋಡಿದರೆ ಗಾಡಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.